ಉಣ್ಣಿ ನಾಯಿಗೆ, ನಡುಕ ಬೆಕ್ಕಿಗೆ: ಮುಧೋಳ ತಾಲೂಕಿನ ಒಂದು ತೋಟದ ಮನೆಯ ಪ್ರಕರಣ

ಶನಿವಾರ ರಾತ್ರಿ ಎಂಟರ ಸುಮಾರು. ನಮ್ಮ ಬೆಕ್ಕು ಬೆಳ್ಳಿ ಪಡಸಾಲೆ ನಡುವೆ ನಿಂತು ಮುಂಗಾಲನ್ನು ಮತ್ತೆ ಮತ್ತೆ ಝಾಡಿಸುತ್ತಿತ್ತು. ನೀರು ಮೆಟ್ಟಿದ ಬೆಕ್ಕು ಕಾಲು ಕೊಡವುವುದನ್ನು ನೋಡಿದ್ದೀರಲ್ಲ, ಹಾಗೇ. ಆದರೆ ನೆಲ ಒಣಗಿತ್ತು. ಕಿವಿ ಪಟಪಟ ಅದುರುತ್ತಿದ್ದವು. ಬೆನ್ನ ಮೇಲಿನ ಚರ್ಮ ಅಲೆಯಂತೆ ಓಡಾಡುತ್ತಿತ್ತು, ನೊಣ ಕೂತಾಗ ಎಮ್ಮೆಯ ಚರ್ಮ ಅದುರುವ ಹಾಗೆ. ಬಾಯಿಂದ ಜೊಲ್ಲು. ಪಕ್ಕದ ತೋಟದವರು ಬಾಗಿಲಲ್ಲೇ ನಿಂತು, "ಹುಚ್ಚ ಹಿಡದೈತಿ, ಮುಟ್ಟಬ್ಯಾಡ್ರಿ" ಅಂದರು. ಕಾಕಾ, "ಚೇಳ ಕಡದಿರಬೇಕು" ಅಂದರು. ಅವ್ವ ಇಬ್ಬರ ಮಾತನ್ನೂ ಕೇಳದೆ ಬೆಕ್ಕನ್ನು ಎತ್ತಿಕೊಂಡಳು. ಬೆಕ್ಕು ಅವಳ ಕೈ ಪರಚಿತು.

ಅದು ಹುಚ್ಚೂ ಅಲ್ಲ, ಚೇಳೂ ಅಲ್ಲ. ನಾವೇ ಬೆಳಿಗ್ಗೆ ಬಕೆಟ್‌ನಲ್ಲಿ ಕಲಸಿದ ಔಷಧ. ಅದೂ ಬೆಕ್ಕಿಗೆ ಹಚ್ಚಿದ್ದಲ್ಲ, ನಾಯಿಗೆ ಹಚ್ಚಿದ್ದು. ಇಷ್ಟೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಆ ರಾತ್ರಿ ಬೆಕ್ಕನ್ನು ಎತ್ತಿಕೊಂಡು ಹೋಗಿದ್ದಕ್ಕೆ ನಾಯಿಯ ಕಾಯಿಲೆ ಗೊತ್ತಾಯಿತು. ಬೆಕ್ಕಿಗೆ ಏನೂ ಆಗದಿದ್ದರೆ ನಾಯಿಯನ್ನು ಇನ್ನೂ ಎರಡು ವಾರ "ಬಿಸಲಿಗೆ ಹಂಗ ಮಕ್ಕೊಂಡಾನ ಬಿಡು" ಅಂತಲೇ ನೋಡುತ್ತಿದ್ದೆವು.

ಮನೆಯ ಸ್ಥಿತಿ ಮೊದಲು ಹೇಳುತ್ತೇನೆ. ಮುಧೋಳ ಪೇಟೆಯಿಂದ ಅರ್ಧ ತಾಸಿನ ದಾರಿಯಲ್ಲಿ ನಮ್ಮ ತೋಟದ ಮನೆ. ಸುತ್ತ ಕಬ್ಬು. ನಾಲ್ಕು ಎಮ್ಮೆ, ಎರಡು ಎತ್ತು. ಬಾದಶಾ ಅಂತ ನಾಲ್ಕು ವರ್ಷದ ಗಂಡು ಮುಧೋಳ ನಾಯಿ. ಬೆಳ್ಳಿ ಅಂತ ಎರಡು ವರ್ಷದ ಹೆಣ್ಣು ಬೆಕ್ಕು, ತೂಕ 2.8 ಕೆಜಿ. ಮನೆಯಲ್ಲಿ ಅವ್ವ, ಕಾಕಾ, ಕಾಕು. ನಾನು ಬಾಗಲಕೋಟೆಯ ನವನಗರದಲ್ಲಿ ಕೆಲಸ ಮಾಡುತ್ತೇನೆ, ಶನಿವಾರ ಲೋಕಾಪುರದ ಮೇಲೆ ಊರಿಗೆ ಬರುತ್ತೇನೆ. ನಾಯಿ, ಬೆಕ್ಕು ಎರಡೂ ಪಡಸಾಲೆಯ ಒಂದೇ ಗೋಣಿಚೀಲದ ಮೇಲೆ ಮಲಗುತ್ತವೆ. ಬಂದವರೆಲ್ಲ ಅದರ ಫೋಟೊ ತೆಗೆಯುತ್ತಾರೆ. ನಮ್ಮ ತೊಂದರೆಯ ಮೂಲವೂ ಅದೇ ಗೋಣಿಚೀಲ.

ಮುಧೋಳ ನಾಯಿ ಬಗ್ಗೆ ಇಲ್ಲಿಯವರಿಗೆ ಹೇಳಬೇಕಿಲ್ಲ. ಮುಧೋಳದ ಘೋರ್ಪಡೆ ಅರಸರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಇದೇ ನಾಯಿಗಳನ್ನು ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ನಮ್ಮ ತಾಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆ ಅಂತಲೇ ಸಂಶೋಧನಾ ಕೇಂದ್ರ ಇದೆ. ಇಷ್ಟು ಹೆಮ್ಮೆ ಇದ್ದರೂ ಈ ನಾಯಿ ಸಾಕುವುದರಲ್ಲಿ ಒಂದು ಕಷ್ಟವಿದೆ, ಅದನ್ನು ಯಾರೂ ಹೇಳುವುದಿಲ್ಲ. ಆರಾಮಾಗಿದ್ದಾಗಲೂ ಇದರ ಪಕ್ಕೆಲುಬು ಕಾಣುತ್ತವೆ, ಹೊಟ್ಟೆ ಒಳಗೆ ಹೋಗಿರುತ್ತದೆ. ಹೀಗಾಗಿ ಸೊರಗಿದರೆ ಗೊತ್ತೇ ಆಗುವುದಿಲ್ಲ. ಡುಮ್ಮ ಲ್ಯಾಬ್ರಡಾರ್ ನಾಲ್ಕು ಕೆಜಿ ಇಳಿದರೆ ಓಣಿಯವರೂ ಕೇಳುತ್ತಾರೆ. ಬಾದಶಾ ನಾಲ್ಕು ಕೆಜಿ ಇಳಿದಾಗ ಮನೆಯವರಿಗೇ ಕಾಣಲಿಲ್ಲ.

ಹಿಂದಿನ ಎರಡು ವಾರ

ಇದನ್ನು ಆಮೇಲೆ ಎಲ್ಲರೂ ಕೂತು ನೆನಪು ಮಾಡಿಕೊಂಡು ಜೋಡಿಸಿದೆವು. ಆಗ ಯಾರೂ ಬರೆದಿಟ್ಟಿರಲಿಲ್ಲ.

ಏಪ್ರಿಲ್ ಮೊದಲ ವಾರ. ಬಾದಶಾ ಸಂಜೆಯ ರೊಟ್ಟಿ ಅರ್ಧ ಬಿಟ್ಟ. ಕಾಕು, "ಬಿಸಲ ಭಾಳ ಐತಿ, ಯಾರಿಗೆ ಊಟ ಹೋಗತೈತಿ" ಅಂದಳು. ತಪ್ಪೇನಲ್ಲ, ನಮ್ಮ ಕಡೆ ಏಪ್ರಿಲ್‌ನಲ್ಲಿ ಮನುಷ್ಯರೇ ಅರ್ಧ ರೊಟ್ಟಿ ಬಿಡುತ್ತಾರೆ. ಟ್ರ್ಯಾಕ್ಟರ್ ಸದ್ದು ಕೇಳಿದರೆ ಗೇಟಿನವರೆಗೂ ಓಡುತ್ತಿದ್ದವನು ತಲೆ ಎತ್ತಿ ನೋಡಿ ಮತ್ತೆ ಮಲಗಲು ಶುರು ಮಾಡಿದ. ಅದಕ್ಕೂ ಬಿಸಿಲೇ ಕಾರಣ ಅಂದುಕೊಂಡೆವು. ಎರಡನೇ ವಾರ ಅವನು ಮಲಗಿದ್ದ ಕಡೆ ನೆಲದ ಮೇಲೆ ಎರಡು ಹನಿ ರಕ್ತ. ಮೂಗಿನಿಂದ. "ಉಷ್ಣ ಆಗೇತಿ" ಅಂದರು ಕಾಕಾ. ಉಷ್ಣಕ್ಕೆ ನಮ್ಮಲ್ಲಿ ಮದ್ದೇನು? ಉಳ್ಳಾಗಡ್ಡಿ. ಹೆಚ್ಚಿ, ಮಜ್ಜಿಗೆ ರೊಟ್ಟಿಯಲ್ಲಿ ಕಲಸಿ ಇಟ್ಟರು. ಅವನು ಸ್ವಲ್ಪ ತಿಂದ.

ಹೊಟ್ಟೆಯ ಮೇಲೆ, ತೊಡೆಯ ಒಳಗೆ ಸಣ್ಣ ಕೆಂಪು ಚುಕ್ಕೆ ಇದ್ದವು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ. ಹಾಗಾಗಿ ಚುಕ್ಕೆಗಳೆಲ್ಲ ಉಣ್ಣಿ ಕಚ್ಚಿದ ಗುರುತು ಅಂತ ತೀರ್ಮಾನ ಆಯಿತು. ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಉಣ್ಣಿಯನ್ನು ನಾವೆಲ್ಲ ನೋಡಿದೆವು. ಅದೇ ಮೈಯಲ್ಲಿದ್ದ ನಾಯಿಯನ್ನು ನೋಡಲಿಲ್ಲ. ಉಣ್ಣಿ ಹೋದರೆ ಎಲ್ಲ ಸರಿ ಹೋಗುತ್ತದೆ ಅಂತ ಶನಿವಾರ ಬೆಳಿಗ್ಗೆ ಎಮ್ಮೆಗಳಿಗೆ ಔಷಧ ಹೊಡೆಯುವಾಗ ಉಳಿದದ್ದರಲ್ಲಿ ಬಾದಶಾನ ಮೈಯನ್ನೂ ತೊಯ್ಸಿದರು. ಅಳತೆ ಇಲ್ಲ. "ಎರಡ ಮುಚ್ಚಳ ಜಾಸ್ತಿ ಹಾಕೇನಿ, ಉಣ್ಣಿ ಭಾಳ ಅದಾವ" ಅಂತ ಕಾಕಾ ಆಮೇಲೆ ಒಪ್ಪಿಕೊಂಡರು. ಒದ್ದೆ ಮೈಯಲ್ಲೇ ಅವನು ಗೋಣಿಚೀಲದ ಮೇಲೆ ಹೋಗಿ ಮಲಗಿದ. ಮಧ್ಯಾಹ್ನ ಬೆಳ್ಳಿ ಎಂದಿನಂತೆ ಅವನ ಹೊಟ್ಟೆಗೆ ಒರಗಿ ಮಲಗಿತು. ಎದ್ದು ಮೈಯೆಲ್ಲ ನೆಕ್ಕಿಕೊಂಡಿತು. ಚರ್ಮದಿಂದ ಒಳಗೆ ಹೋದದ್ದು ಎಷ್ಟೋ, ನಾಲಿಗೆಯಿಂದ ಹೋದದ್ದು ಎಷ್ಟೋ.

ಫೋನಿನಲ್ಲಿ ಐದು ನಿಮಿಷ

ನಮಗೆ ಗೊತ್ತಿದ್ದ ಪಶುವೈದ್ಯರಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಪಕ್ಕದವರು ಉಪ್ಪು ನೀರು ಕಲಸಿದ್ದರು, ಕುಡಿಸಿ ವಾಂತಿ ಮಾಡಿಸೋಣ ಅಂತ. ಕಾಕು ಕೊಬ್ಬರಿ ಎಣ್ಣೆ ಹಿಡಿದು ನಿಂತಿದ್ದಳು. ಡಾಕ್ಟರು ಮೊದಲು ಹೇಳಿದ್ದೇ, "ಬಾಯಾಗ ಏನೂ ಹಾಕಬ್ಯಾಡ್ರಿ. ಹಾಲೂ ಬ್ಯಾಡ, ಎಣ್ಣಿನೂ ಬ್ಯಾಡ, ಉಪ್ಪೂ ಬ್ಯಾಡ." ನಡುಗುವ ಪ್ರಾಣಿ ಸರಿಯಾಗಿ ನುಂಗುವುದಿಲ್ಲ, ಹಾಕಿದ್ದು ಶ್ವಾಸಕೋಶಕ್ಕೆ ಹೋಗಬಹುದು. ಈ ಜಾತಿಯ ಔಷಧಗಳು ಕೊಬ್ಬಿನಲ್ಲಿ ಕರಗುತ್ತವೆ, ಎಣ್ಣೆ ಕೊಟ್ಟರೆ ಅವು ಒಳಗೆ ಸೇರುವುದು ಇನ್ನೂ ಸುಲಭ.

ಎರಡನೇ ಪ್ರಶ್ನೆ: "ಇವತ್ತ ಮನ್ಯಾಗ ಏನರೆ ಹೊಡದೀರೇನು? ಉಣ್ಣಿಗೆ, ತಿಗಣಿಗೆ, ಜೊಂಡಿಗೆ?" ನಾನು ಇಲ್ಲ ಅಂದೆ. ನಿಜವಾಗಿ ಇಲ್ಲ ಅಂತಲೇ ಅಂದುಕೊಂಡಿದ್ದೆ. ಬೆಕ್ಕಿಗೆ ಏನೂ ಹಚ್ಚಿರಲಿಲ್ಲವಲ್ಲ. ಕಾಕಾ ಹಿಂದಿನಿಂದ, "ನಾಯಿಗೆ ಹಚ್ಚೀವಿ" ಅಂದರು. ಡಾಕ್ಟರು ಒಂದು ಕ್ಷಣ ಸುಮ್ಮನಿದ್ದರು. "ಬಾಟ್ಲಿ ಫೋಟೊ ಕಳಸ್ರಿ."

ಲೇಬಲ್ ಅರ್ಧ ಕಿತ್ತು ಹೋಗಿತ್ತು. ಪುಣ್ಯಕ್ಕೆ ಔಷಧದ ಹೆಸರು ಉಳಿದಿತ್ತು: ಡೆಲ್ಟಾಮೆಥ್ರಿನ್ 1.25 ಶೇಕಡಾ. ಬಾಟಲಿಯಿಂದ ಏನು ಗೊತ್ತಾಗುತ್ತದೆ ಅಂತ ಆಮೇಲೆ ಕೇಳಿದೆ. ಉಣ್ಣಿಗೆ ಹೊಡೆಯುವ ಔಷಧಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ, ಹಾಲಿನಂತೆ ನೀರಿನಲ್ಲಿ ಕಲಸುವಂಥವು. ಒಳಗೆ ಬೇರೆ ಬೇರೆ. ಅಮಿಟ್ರಾಜ್ ಆಗಿದ್ದರೆ ಪ್ರಾಣಿ ಮಂಪರಾಗುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಆಗಿದ್ದರೆ ಅಟ್ರೋಪಿನ್ ಚುಚ್ಚುಮದ್ದು ಬೇಕು. ಡೆಲ್ಟಾಮೆಥ್ರಿನ್ ಪೈರೆಥ್ರಾಯ್ಡ್ ಗುಂಪಿನದು. ಇದಕ್ಕೆ ನೇರವಾದ ಪ್ರತಿಮದ್ದು ಇಲ್ಲ. ನಡುಕ ನಿಲ್ಲಿಸುವುದು, ಮೈ ತೊಳೆಯುವುದು, ಕಾಯುವುದು, ಇಷ್ಟೇ.

ತೊಳೆಯುವ ವಿಧಾನ ಫೋನಿನಲ್ಲೇ ಹೇಳಿದರು. ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ಉಗುರು ಬೆಚ್ಚಗಿನ ನೀರು. ಬಿಸಿ ನೀರು ಬೇಡ, ಚರ್ಮದ ರಕ್ತನಾಳ ಅಗಲವಾಗಿ ವಿಷ ಇನ್ನೂ ಒಳಗೆ ಹೋಗುತ್ತದೆ. ತಣ್ಣೀರೂ ಬೇಡ, ಮೈ ತಣ್ಣಗಾದರೆ ಪೈರೆಥ್ರಾಯ್ಡ್ ಇನ್ನೂ ಜೋರಾಗಿ ಕೆಲಸ ಮಾಡುತ್ತದೆ. ಎರಡು ಸಲ ಸೋಪು ಹಚ್ಚಿ ತೊಳೆದು, ಟವೆಲ್‌ನಲ್ಲಿ ಒರೆಸಿ, ಒಣ ಬಟ್ಟೆ ಸುತ್ತಿ ತರಬೇಕು. ಫಿಟ್ಸ್ ಬಂದರೆ ತೊಳೆಯುವುದನ್ನು ಬಿಟ್ಟು ಹೊರಟುಬಿಡಬೇಕು. ಫಿಟ್ಸ್ ಬರಲಿಲ್ಲ. ಅವ್ವ ತೊಳೆದಳು, ನಾನು ಟಾರ್ಚ್ ಹಿಡಿದೆ. ಕಾಕಾ ಒಂದು ಮಾತೂ ಆಡದೆ ಹಣ್ಣಿನ ರಟ್ಟಿನ ಡಬ್ಬಿಗೆ ತೂತು ಮಾಡಿ ತಂದರು.

ಬೆಕ್ಕಿನ ಲಿವರ್

ಒಂಬತ್ತಕ್ಕೆ ಪೇಟೆ ಮುಟ್ಟಿದೆವು. ಜ್ವರ 104.6 ಡಿಗ್ರಿ ಫ್ಯಾರನ್‌ಹೀಟ್. ಬೆಕ್ಕಿನ ಮೈಬಿಸಿ 101ರಿಂದ 102.5ರ ಆಸುಪಾಸು ಇರಬೇಕು. ಇದು ಸೋಂಕಿನ ಜ್ವರ ಅಲ್ಲ, ಸ್ನಾಯುಗಳು ಬಿಡದೆ ನಡುಗಿ ಹುಟ್ಟಿದ ಬಿಸಿ. ಡಯಾಜೆಪಾಮ್ ಕೊಟ್ಟು, ಕಾಲಿಗೆ ಸಣ್ಣ ಸೂಜಿ ಹಾಕಿ ಸಲೈನ್ ಹಚ್ಚಿದರು. ನಡುಕ ಅರ್ಧ ಇಳಿಯಿತು.

ಕಾಕಾ ಅಲ್ಲಿಯವರೆಗೂ ನಂಬಿರಲಿಲ್ಲ. "ಅದ ಔಷಧ ನಾಯಿಗೆ ಹಚ್ಚೀವಿ, ಎಮ್ಮಿಗೆ ಹಚ್ಚೀವಿ, ಅವಕ್ಕ ಏನೂ ಆಗಿಲ್ಲಲ್ಲ?" ಒಳ್ಳೆಯ ಪ್ರಶ್ನೆಯೇ. ಪೈರೆಥ್ರಾಯ್ಡ್ ನರಗಳಲ್ಲಿ ಸೋಡಿಯಂ ಓಡಾಡುವ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ, ನರ ಸುಮ್ಮನಾಗದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಉಣ್ಣಿ ಸಾಯುವುದೂ ಹಾಗೆಯೇ. ನಾಯಿ, ದನಗಳ ಲಿವರ್ ಈ ವಿಷವನ್ನು ಬೇಗ ಒಡೆದು ಹೊರಗೆ ಹಾಕುತ್ತದೆ. ಅದಕ್ಕೆ ಬೇಕಾದ ಒಂದು ಮುಖ್ಯ ಕೆಲಸ ಬೆಕ್ಕಿನ ಲಿವರ್‌ನಲ್ಲಿ ಬಹಳ ದುರ್ಬಲ. ಬೆಕ್ಕು ಸಣ್ಣ ನಾಯಿ ಅಲ್ಲ. ನಾಯಿಗೆ ಅಂತಲೇ ಮಾರುವ, ಬೆನ್ನಿಗೆ ಹನಿ ಹಾಕುವ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ಇದೇ ಗತಿ ಮಾಡುತ್ತದೆ. ಅದರಲ್ಲಿ ಅಂಶ ಇನ್ನೂ ಗಟ್ಟಿ ಇರುತ್ತದೆ.

ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವಾಗುವುದೂ ಲಿವರ್‌ನ ಇದೇ ಕೊರತೆಯಿಂದ. 500 ಮಿಲಿಗ್ರಾಂ ಗುಳಿಗೆಯ ಕಾಲು ಭಾಗ ಸಾಕು, ಬೆಳ್ಳಿಯಷ್ಟು ತೂಕದ ಬೆಕ್ಕಿನ ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಇದನ್ನು ಇಲ್ಲಿ ಸುಮ್ನೆ ಹೇಳುತ್ತಿಲ್ಲ. ಮರುದಿನ ನಡುಕ ಮತ್ತೆ ಶುರುವಾದಾಗ ಡಾಕ್ಟರು ಮೆಥೊಕಾರ್ಬಮಾಲ್ ಬರೆದುಕೊಟ್ಟರು, ಸ್ನಾಯು ಸಡಿಲ ಮಾಡುವ ಗುಳಿಗೆ. ಮನುಷ್ಯರ ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಪಟ್ಟಿಯ ಹಿಂದೆ ಓದಿದರೆ ಜೊತೆಗೆ ಪ್ಯಾರಾಸಿಟಮಾಲ್ ಸೇರಿತ್ತು. ಬೆನ್ನು ನೋವಿಗೆ ಮನುಷ್ಯರಿಗೆ ಎರಡೂ ಸೇರಿಸಿ ಬರುತ್ತದೆ. ಅಂಗಡಿಯವನ ತಪ್ಪಲ್ಲ, ಅವನು ಬೆಕ್ಕಿಗೆ ಅಂತ ತಿಳಿದಿರಲಿಲ್ಲ. ಡಾಕ್ಟರು ಚೀಟಿಯಲ್ಲಿ ಗೆರೆ ಎಳೆದು "ಬರೀ ಮೆಥೊಕಾರ್ಬಮಾಲ್" ಅಂತ ಬರೆದಿದ್ದಕ್ಕೆ ನಾನು ತಿರುವಿ ನೋಡಿದೆ. ಇಲ್ಲದಿದ್ದರೆ ಒಂದು ವಿಷದಿಂದ ಉಳಿದ ಬೆಕ್ಕಿಗೆ ಇನ್ನೊಂದನ್ನು ಕೈಯಾರೆ ಕೊಡುತ್ತಿದ್ದೆ.

ಹುಚ್ಚಿನ ಮಾತು ಏನಾಯಿತು ಅಂದರೆ, ಡಾಕ್ಟರು ಅದನ್ನು ತಳ್ಳಿಹಾಕಲಿಲ್ಲ. ಬಾದಶಾನಿಗೆ ಪ್ರತಿ ವರ್ಷ ರೇಬಿಸ್ ಲಸಿಕೆ ಆಗುತ್ತದೆ. ಬೆಳ್ಳಿಗೆ ಒಂದೂ ಆಗಿಲ್ಲ. ಮನೆಯಲ್ಲೇ ಇರುವ ಬೆಕ್ಕಿಗೆ ಯಾಕೆ ಅಂತ. ಅವರು ಕೈಗವಸು ಹಾಕಿಕೊಂಡೇ ಮುಟ್ಟಿದರು. ಅವ್ವನ ಪರಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಸಿದರು. ಭಾನುವಾರವೇ ತಾಲೂಕಾಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದು. ಆಮೇಲೆ 3, 7, 28ನೇ ದಿನ. ಹತ್ತು ದಿನ ಕಳೆದ ಮೇಲೂ ಬೆಕ್ಕು ಗಟ್ಟಿಯಾಗಿತ್ತು, ಅಂದರೆ ರೇಬಿಸ್ ಅಲ್ಲ ಅಂತ ಖಾತ್ರಿ. ಆದರೂ ಅವ್ವ 28ನೇ ದಿನದ್ದನ್ನೂ ಬಿಡಲಿಲ್ಲ. "ಬರದ ಕೊಟ್ಟಾರ, ಹಾಕಿಸ್ಕೊಂಡ ಬಿಡೂದು" ಅಂದಳು.

"ನಾಯಿ ಹೆಂಗೈತಿ?"

ಬೆಕ್ಕಿಗೆ ಸಲೈನ್ ಏರುತ್ತಿರುವಾಗ ಡಾಕ್ಟರು ಸುಮ್ನೆ ಮಾತಿಗೆ ಕೇಳಿದಂತೆ ಕೇಳಿದರು, ನಾಯಿ ಹೇಗಿದೆ ಅಂತ. ಔಷಧ ಅವನಿಗೂ ಜಾಸ್ತಿ ಬಿದ್ದಿತ್ತಲ್ಲ. "ಆರಾಮ ಅದಾನ" ಅಂದರು ಕಾಕಾ. ಉಂಡಾನೇನು? ಅರ್ಧ. ಎಷ್ಟು ದಿನದಿಂದ ಅರ್ಧ? ಕಾಕಾ ನನ್ನ ಮುಖ ನೋಡಿದರು. ಮೂಗು, ಬಾಯಿ, ಉಚ್ಚೆಯಲ್ಲಿ ರಕ್ತ? ಆಗ ಮೂಗಿನ ಎರಡು ಹನಿ ಹೊರಗೆ ಬಂತು. ಡಾಕ್ಟರು ಪೆನ್ನು ಕೆಳಗಿಟ್ಟರು. "ನಾಳೆ ಮುಂಜಾನೆ ಮೊದಲ ಅವನ್ನ ತರ್ರಿ."

ಭಾನುವಾರ ಬಾದಶಾನನ್ನು ತೂಗಿದರು. 22 ಕೆಜಿ. ಜನವರಿಯಲ್ಲಿ ಲಸಿಕೆ ಕಾರ್ಡಿನಲ್ಲಿ ಬರೆದದ್ದು 26. ಜ್ವರ 103.8. ಒಸಡು ಬೆಳ್ಳಗೆ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು, ನಿಧಾನವಾಗಿ ಮರಳಿತು. ದವಡೆಯ ಕೆಳಗೆ, ಮೊಣಕಾಲಿನ ಹಿಂದೆ ಗಡ್ಡೆಗಳು ಊದಿದ್ದವು. ಆಮೇಲೆ ಹೊಟ್ಟೆಯ ಚುಕ್ಕೆಗಳ ಮೇಲೆ ಒಂದು ಗಾಜಿನ ಪಟ್ಟಿ ಇಟ್ಟು ಒತ್ತಿದರು. "ನೋಡ್ರಿ, ಮಾಯ ಆಗ್ತಾವೇನು?" ಆಗಲಿಲ್ಲ. ಕೀಟ ಕಚ್ಚಿ ಕೆಂಪಾದ ಚರ್ಮ ಒತ್ತಿದರೆ ಬಿಳಿಯಾಗುತ್ತದೆ. ಚರ್ಮದೊಳಗೆ ರಕ್ತ ಸೋರಿದ ಚುಕ್ಕೆ ಒತ್ತಿದರೂ ಹೋಗುವುದಿಲ್ಲ. ಮನೆಯಲ್ಲಿ ನೀರು ಕುಡಿಯುವ ಗಾಜಿನ ಲೋಟದಿಂದಲೂ ಇದನ್ನು ನೋಡಬಹುದು. ಇಷ್ಟು ಸಣ್ಣ ಪರೀಕ್ಷೆ ಹತ್ತು ದಿನ ಮೊದಲೇ ಗೊತ್ತಿದ್ದರೆ ಅನ್ನಿಸಿತು.

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, 41 ಸಾವಿರ. ನಾಯಿಗೆ ಸುಮಾರು 2 ಲಕ್ಷದ ಮೇಲೆ ಇರಬೇಕು. ಕಿಟ್ ಪರೀಕ್ಷೆ ಎರ್ಲಿಕಿಯಾ ಅಂತ ತೋರಿಸಿತು. ನಾಯಿಗೆ ಹತ್ತುವ ಕಂದು ಉಣ್ಣಿ ಕಚ್ಚುವಾಗ ಬಿಡುವ ರೋಗಾಣು. ಬಿಳಿ ರಕ್ತಕಣದೊಳಗೆ ಸೇರಿ ಕೂರುತ್ತದೆ. ಕಚ್ಚಿದ ಒಂದರಿಂದ ಮೂರು ವಾರದಲ್ಲಿ ಜ್ವರ, ಊಟ ಬಿಡುವುದು, ಸುಸ್ತು. ಎಷ್ಟೋ ನಾಯಿಗಳಲ್ಲಿ ಅದು ತಾನಾಗಿ ಇಳಿದಂತೆ ಕಾಣುತ್ತದೆ, ಮನೆಯವರು ಮರೆಯುತ್ತಾರೆ. ರೋಗಾಣು ಮಾತ್ರ ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಳಗೇ ಇದ್ದು ಕೊನೆಗೆ ಎಲುಬಿನ ಮಜ್ಜೆಗೆ ಇಳಿಯಬಹುದು. ಆಗ ಉಳಿಸುವುದು ಕಷ್ಟ. ನಾವು ಶನಿವಾರ ಕೊಂದ ಉಣ್ಣಿಗಳು ತಮ್ಮ ಕೆಲಸ ಮುಗಿಸಿ ಎಷ್ಟೋ ದಿನ ಆಗಿತ್ತು.

ಉಳ್ಳಾಗಡ್ಡಿಯ ವಿಷಯ ಹೇಳಿದಾಗ ಡಾಕ್ಟರು ತಲೆ ಮೇಲೆ ಕೈ ಇಟ್ಟುಕೊಂಡರು. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿ ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತವೆ, ಹಸಿಯಾಗಲಿ ಬೇಯಿಸಿದ್ದಾಗಲಿ. ಬಾದಶಾ ತಿಂದದ್ದು ಸ್ವಲ್ಪ, ಅದರಿಂದ ಈ ಸ್ಥಿತಿ ಬಂದದ್ದಲ್ಲ. ಆದರೆ ಮೊದಲೇ ರಕ್ತ ಕಡಿಮೆಯಾದ ನಾಯಿಗೆ ಕೊಡುವ ಪದಾರ್ಥವಂತೂ ಅಲ್ಲ.

ಔಷಧ ಡಾಕ್ಸಿಸೈಕ್ಲಿನ್, 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, 28 ದಿನ. ಊಟದ ಜೊತೆ ಕೊಡಬೇಕು, ಮೇಲೆ ನೀರು ಕುಡಿಸಬೇಕು, ಗುಳಿಗೆ ಅನ್ನನಾಳದಲ್ಲಿ ಕೂತರೆ ಸುಡುತ್ತದೆ. ಹಾಲಿನಲ್ಲಿ ಹಾಕಿ ಕೊಡಬಾರದು, ಹಾಲಿನ ಕ್ಯಾಲ್ಸಿಯಂ ಔಷಧವನ್ನು ಹಿಡಿದುಕೊಳ್ಳುತ್ತದೆ. ನಾವು ಕೊಡಬೇಕು ಅಂದುಕೊಂಡಿದ್ದೇ ಹಾಲಿನಲ್ಲಿ. ಮೂರನೇ ದಿನ ಅವನು ಪೂರ್ತಿ ರೊಟ್ಟಿ ತಿಂದ. ಆರನೇ ದಿನ ಟ್ರ್ಯಾಕ್ಟರ್ ಹಿಂದೆ ಓಡಿದ. ಅವತ್ತೇ ಕಾಕಾ ಫೋನ್ ಮಾಡಿ, "ಆರಾಮ ಆಗ್ಯಾನ, ಗುಳಿಗಿ ಯಾಕ ಇನ್ನ? ಲಿವರ್‌ಗೆ ಕೆಟ್ಟಲ್ಲೇನು?" ಅಂದರು. ಅವ್ವ ಅವರ ಕೈಯಿಂದ ಪಟ್ಟಿ ಕಸಿದು ತನ್ನ ದೇವರ ಮಾಡದಲ್ಲಿ ಇಟ್ಟುಕೊಂಡಳು. ಹತ್ತನೇ ದಿನ ಪ್ಲೇಟ್‌ಲೆಟ್ 1.4 ಲಕ್ಷ. ಮೂವತ್ತನೇ ದಿನ 2.3 ಲಕ್ಷ.

ಬೆಳ್ಳಿಯ ನಡುಕ ಸೋಮವಾರ ಸಂಜೆಗೆ ನಿಂತಿತು. ಮಂಗಳವಾರ ಮೀನಿನ ವಾಸನೆಗೆ ಎದ್ದು ಬಂತು. ತೀರಾ ಹದಗೆಟ್ಟಿದ್ದರೆ ರಕ್ತನಾಳಕ್ಕೆ ಕೊಬ್ಬಿನ ದ್ರಾವಣ ಏರಿಸುತ್ತಾರಂತೆ, ಅದು ವಿಷವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಅದಕ್ಕೆ ದೊಡ್ಡ ಊರಿಗೇ ಹೋಗಬೇಕಿತ್ತು. ನಮಗೆ ಬೇಕಾಗಲಿಲ್ಲ.

ಈಗಿನ ವ್ಯವಸ್ಥೆ

ಗೋಣಿಚೀಲ ಬಿಸಾಕಿದೆವು. ಕಂದು ಉಣ್ಣಿ ಸದಾ ನಾಯಿ ಮೈಯಲ್ಲೇ ಇರುವುದಿಲ್ಲ. ರಕ್ತ ಕುಡಿದು ಕೆಳಗೆ ಬೀಳುತ್ತದೆ, ಗೋಡೆ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ, ಊಟವಿಲ್ಲದೆ ತಿಂಗಳುಗಟ್ಟಲೆ ಕಾಯುತ್ತದೆ. ಹಾಗಾಗಿ ನಾಯಿಗೆ ಎಷ್ಟು ಹೊಡೆದರೂ ಗೋಡೆಯಿಂದ ಹೊಸದು ಹತ್ತುತ್ತಿತ್ತು. ಪಡಸಾಲೆ ಗೋಡೆಯ ಬಿರುಕುಗಳಿಗೆ ಸಿಮೆಂಟ್ ಮೆತ್ತಿದೆವು. ಬಾದಶಾನಿಗೆ ಈಗ ಮೂರು ತಿಂಗಳಿಗೊಮ್ಮೆ ನುಂಗುವ ಫ್ಲೂರಲಾನರ್ ಗುಳಿಗೆ. ದುಬಾರಿ. ಆದರೆ ಮೈ ಮೇಲೆ ಏನೂ ಇರುವುದಿಲ್ಲ, ಬೆಕ್ಕು ಒರಗಿದರೂ ನೆಕ್ಕಿದರೂ ತೊಂದರೆ ಇಲ್ಲ. ಬೆಳ್ಳಿಗೆ ರೇಬಿಸ್ ಲಸಿಕೆ ಆಯಿತು. ಪ್ರತಿ ತಿಂಗಳ ಒಂದನೇ ತಾರೀಕು ನಾಯಿಯನ್ನು ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಲ್ಲುತ್ತೇವೆ, ಆಮೇಲೆ ಎತ್ತಿದವರ ತೂಕ ಕಳೆಯುತ್ತೇವೆ. ಈ ತಿಂಗಳು 25 ಕೆಜಿ 300 ಗ್ರಾಂ. ಕಾಕುಗೆ ತನ್ನ ತೂಕ ಎಲ್ಲರಿಗೂ ಗೊತ್ತಾಗುತ್ತದೆ ಅಂತ ಸಿಟ್ಟು, ಅದಕ್ಕೆ ಆ ಕೆಲಸ ನನಗೇ ಬಿದ್ದಿದೆ.

ಎಮ್ಮೆಗಳಿಗೆ ಮಾತ್ರ ಡೆಲ್ಟಾಮೆಥ್ರಿನ್ ಹೊಡೆಯಲೇಬೇಕು. ಅವುಗಳ ಉಣ್ಣಿ ಹೋಗಬೇಕಲ್ಲ. ಈಗ ಕಾಕಾ ಲೇಬಲ್ ಓದಿ ಅಳತೆ ಲೋಟದಲ್ಲಿ ಅಳೆಯುತ್ತಾರೆ. ತೊಳೆದ ನೀರು ಬಾವಿ ಕಡೆ, ಕಾಲುವೆ ಕಡೆ ಹೋಗದಂತೆ ಮಣ್ಣಿನ ಕಟ್ಟೆ ಹಾಕಿದ್ದಾರೆ, ಮೀನಿಗೆ ಇದು ಇನ್ನೂ ಕೆಟ್ಟದ್ದು. ಬಕೆಟ್ ಎತ್ತುವ ಮೊದಲು ಕೊಟ್ಟಿಗೆಯಿಂದ ಕೂಗುತ್ತಾರೆ: "ಬೆಕ್ಕನ್ನ ಒಳಗ ಹಾಕೀರೇನು?" ಅವ್ವ ಒಳಗಿನಿಂದ ಹೂಂ ಅನ್ನುವವರೆಗೂ ಮುಚ್ಚಳ ತೆಗೆಯುವುದಿಲ್ಲ.